ಸಾಧನೆ ಎಂದರೆ ಸನ್ಮಾನವಲ್ಲ

ಕನ್ನಡ ಮಾಧ್ಯಮದಲ್ಲಿ ಹೈಸ್ಕೂಲು ಓದಿದವರಿಗೆ ನೆನಪಿರುತ್ತದೆ. ರೇಖಾಗಣಿತದ ಪ್ರಮೇಯ ಬರೆಯುವಾಗ ನಾಲ್ಕು ತಲೆಬರಹ ಹಾಕುತ್ತಿದ್ದೆವು: ದತ್ತ, ಸಾಧನೀಯ, ರಚನೆ, ಸಾಧನೆ. ಅಲ್ಲಿ ಸಾಧನೆ ಎಂದರೆ ಪ್ರೂಫ್. ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗಲು ಕಾರಣ ಕೊಡಬೇಕು, ಕಾರಣ ಇಲ್ಲದಿದ್ದರೆ ಮೇಷ್ಟ್ರು ಕೆಂಪು ಇಂಕಿನಲ್ಲಿ ಸುತ್ತು ಹಾಕುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅದೇ ಪದಕ್ಕೆ ಬೇರೆ ಅರ್ಥ ಬಂತು. ಸಾಧನೆ ಎಂದರೆ ಶಾಲು, ಹಾರ, ಪೇಟ, ಪತ್ರಿಕೆಯಲ್ಲಿ ಫೋಟೋ. ಈ ಎರಡು ಅರ್ಥಗಳನ್ನು ನಾವು ಕಲಸಿಬಿಟ್ಟಿದ್ದೇವೆ ಎಂಬುದೇ ನನ್ನ ತಕರಾರು. ನಾನಿರುವ ಹೈದರಾಬಾದಿನಲ್ಲೇ ಅದಕ್ಕೊಂದು ಒಳ್ಳೆಯ ಉದಾಹರಣೆ ಇದೆ.

2021ರಲ್ಲಿ ದೇಶದ ಹಲವು ಪತ್ರಿಕೆಗಳಲ್ಲಿ, ಚಾನೆಲ್ಲುಗಳಲ್ಲಿ ಒಂದು ಸುದ್ದಿ ಬಂತು. 161 ವರ್ಷಗಳಿಂದ ಯಾರಿಗೂ ಬಿಡಿಸಲಾಗದ ಗಣಿತದ ಒಗಟನ್ನು ಹೈದರಾಬಾದಿನ ವಿಜ್ಞಾನಿ ಬಿಡಿಸಿದ್ದಾರೆ ಎಂದು. ಒಗಟಿನ ಹೆಸರು ರೀಮನ್ ಹೈಪಾಥಿಸಿಸ್. ವಿಜ್ಞಾನಿ, ಇಲ್ಲಿನ ಶ್ರೀನಿಧಿ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಅಂಡ್ ಟೆಕ್ನಾಲಜಿಯ ಕುಮಾರ್ ಈಶ್ವರನ್. ಅವರು 2016ರಲ್ಲೇ ತಮ್ಮ ಬರಹವನ್ನು ಇಂಟರ್ನೆಟ್ಟಿನಲ್ಲಿ ಹಾಕಿದ್ದರು. 2020ರಲ್ಲಿ ಎಂಟು ಜನರ ತಜ್ಞರ ಸಮಿತಿಯೊಂದು ರಚನೆಯಾಯಿತು, ಸಾವಿರಕ್ಕೂ ಹೆಚ್ಚು ಗಣಿತಜ್ಞರಿಗೆ ಅಭಿಪ್ರಾಯ ಕೇಳಿ ಪತ್ರ ಹೋಯಿತು, ಕೊನೆಗೆ ಸಮಿತಿ ‘ಸರಿಯಾಗಿದೆ’ ಎಂದಿತು ಎಂದು ವರದಿಗಳು ಹೇಳಿದವು. ಹತ್ತು ಲಕ್ಷ ಡಾಲರ್ ಬಹುಮಾನದ ಮಾತೂ ಜೊತೆಗೇ ಬಂತು. ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಚಪ್ಪಾಳೆಯ ಮಳೆ ಸುರಿಯಿತು.

ಬಹುಮಾನ ಇಟ್ಟಿರುವ ಕ್ಲೇ ಮ್ಯಾಥಮ್ಯಾಟಿಕ್ಸ್ ಇನ್‌ಸ್ಟಿಟ್ಯೂಟಿನ ಪಟ್ಟಿಯಲ್ಲಿ ಆ ಸಮಸ್ಯೆ ಇಂದಿಗೂ ‘ಬಿಡಿಸಿಲ್ಲ’ ಎಂಬ ಸಾಲಿನಲ್ಲೇ ಇದೆ. ಸಂಖ್ಯಾಶಾಸ್ತ್ರದ ಜಗತ್ತು ಈ ಬರಹವನ್ನು ಪ್ರೂಫ್ ಎಂದು ಒಪ್ಪಿಲ್ಲ. ಆ ಸುದ್ದಿಗೆ ಚಪ್ಪಾಳೆ ಸಿಗಲಿಲ್ಲ. ಫಾರ್ವರ್ಡ್ ಮಾಡುವವರೂ ಇರಲಿಲ್ಲ.

ಇದು ಒಬ್ಬ ವ್ಯಕ್ತಿಯ ಮೇಲಿನ ಬರಹವಲ್ಲ. ಕಷ್ಟದ ಸಮಸ್ಯೆಗೆ ಕೈ ಹಾಕುವುದು ಯಾರಿಗೂ ಅವಮಾನವಲ್ಲ. ನಾನು ಎಂಟೆಕ್ ಮಾಡಿ ಐಟಿ ಪ್ರಾಜೆಕ್ಟ್ ನಡೆಸುವವನು, ಆ ಬರಹ ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ನನ್ನ ಜಗಳ ಇರುವುದು ಸಮಿತಿಯ ಸಹಿಯನ್ನೇ ಪ್ರೂಫ್ ಎಂದು ನಂಬಿದ ನಮ್ಮೆಲ್ಲರ ಜೊತೆ.

ಸಮಸ್ಯೆ ಏನೆಂದು ಮೊದಲು ನೋಡೋಣ. ಅವಿಭಾಜ್ಯ ಸಂಖ್ಯೆಗಳು ನಮಗೆಲ್ಲ ಗೊತ್ತು: 2, 3, 5, 7, 11, 13. ನೂರರೊಳಗೆ 25 ಇವೆ, ಸಾವಿರದೊಳಗೆ 168, ಹತ್ತು ಲಕ್ಷದೊಳಗೆ 78,498. ಮುಂದಿನದು ಎಲ್ಲಿ ಬರುತ್ತದೆ ಎಂಬುದಕ್ಕೆ ಸುಲಭದ ಲೆಕ್ಕವಿಲ್ಲ, ಆದರೆ ಒಟ್ಟು ಎಷ್ಟಿರಬಹುದು ಎಂದು ಅಂದಾಜು ಮಾಡುವ ಸೂತ್ರವಿದೆ. ಹತ್ತು ಲಕ್ಷಕ್ಕೆ ಆ ಸೂತ್ರ ಸುಮಾರು 130 ಮಾತ್ರ ಹೆಚ್ಚು ತೋರಿಸುತ್ತದೆ. ಸಂಖ್ಯೆಗಳು ದೊಡ್ಡದಾಗುತ್ತಾ ಹೋದ ಹಾಗೆ ಈ ಅಂದಾಜು ಹೆಚ್ಚೆಂದರೆ ಎಷ್ಟು ತಪ್ಪಬಹುದು? 1859ರಲ್ಲಿ ಬರ್ನಾರ್ಡ್ ರೀಮನ್ ಕೆಲವೇ ಪುಟಗಳ ಒಂದು ಲೇಖನದಲ್ಲಿ ಈ ಪ್ರಶ್ನೆಯನ್ನು ಝೀಟಾ ಫಲನ ಎಂಬುದಕ್ಕೆ ಜೋಡಿಸಿದ. ಆ ಫಲನ ಸೊನ್ನೆಯಾಗುವ ಮುಖ್ಯವಾದ ಬಿಂದುಗಳೆಲ್ಲ ಒಂದೇ ಗೆರೆಯ ಮೇಲೆ ಇರುವಂತೆ ಕಾಣುತ್ತದೆ ಎಂದ. ಇದ್ದರೆ ತಪ್ಪು ಚಿಕ್ಕದು. ಒಂದೇ ಒಂದು ಬಿಂದು ಗೆರೆ ತಪ್ಪಿದರೂ ಲೆಕ್ಕ ಬದಲಾಗುತ್ತದೆ. ‘ಕಾಣುತ್ತದೆ’ ಎಂದನೇ ಹೊರತು ಸಾಧಿಸಲಿಲ್ಲ. ಹಿಲ್ಬರ್ಟ್ 1900ರಲ್ಲಿ ಹೊಸ ಶತಮಾನಕ್ಕೆಂದು ಕೊಟ್ಟ ಸಮಸ್ಯೆಗಳ ಪಟ್ಟಿಯಲ್ಲೂ ಇದಿತ್ತು, 2000ದಲ್ಲಿ ಕ್ಲೇ ಸಂಸ್ಥೆಯ ಪಟ್ಟಿಯಲ್ಲೂ ಬಂತು.

ನಮ್ಮ ಐಟಿ ಮಂದಿ ತಕ್ಷಣ ಕೇಳುವುದು: ಕಂಪ್ಯೂಟರಿನಲ್ಲಿ ಚೆಕ್ ಮಾಡಿದರಾಯ್ತಲ್ಲ? ಮಾಡಿದ್ದಾರೆ. ಪ್ಲಾಟ್ ಮತ್ತು ಟ್ರಡ್ಜಿಯನ್ 2021ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸುಮಾರು 12 ಲಕ್ಷ ಕೋಟಿ ಸೊನ್ನೆಗಳು ಗೆರೆಯ ಮೇಲೇ ಸಿಕ್ಕಿವೆ. ಗಣಿತದಲ್ಲಿ ಅದು ಸಾಲದು. ಮೇಲೆ ಹೇಳಿದ ಅಂದಾಜು ಸೂತ್ರವನ್ನೇ ತೆಗೆದುಕೊಳ್ಳಿ. ಲೆಕ್ಕ ಹಾಕಿ ನೋಡಿದಲ್ಲೆಲ್ಲ ಅದು ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ. ಯಾವಾಗಲೂ ಹೀಗೇ ಇರಬೇಕು ಅನ್ನಿಸುತ್ತದೆ. 1914ರಲ್ಲಿ ಲಿಟಲ್‌ವುಡ್ ಇಲ್ಲ ಎಂದು ಸಾಧಿಸಿದ: ಅದು ತಿರುಗುಮುರುಗಾಗುವ ಜಾಗಗಳು ಅನಂತ ಇವೆ. ಗೊತ್ತಿರುವ ಅಂಥ ಜಾಗ ಇರುವುದು ಒಂದರ ಮುಂದೆ 316 ಸೊನ್ನೆ ಹಾಕಿದರೆ ಬರುವ ಸಂಖ್ಯೆಯ ಆಸುಪಾಸಿನಲ್ಲಿ. ಯಾವ ಡೇಟಾ ಸೆಂಟರೂ ಒಂದೊಂದೇ ಎಣಿಸಿಕೊಂಡು ಅಲ್ಲಿಗೆ ಮುಟ್ಟುವುದಿಲ್ಲ.

ಈಗ ಹೈದರಾಬಾದಿನ ಬರಹಕ್ಕೆ ಬರೋಣ. ಅದರ ಮುಖ್ಯ ದಾರಿ ಲಿಯುವಿಲ್ ಫಲನದ್ದು. ಒಂದು ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯಿರಿ. ತುಂಡುಗಳು ಸಮ ಸಂಖ್ಯೆಯಲ್ಲಿದ್ದರೆ +1, ಬೆಸವಾಗಿದ್ದರೆ −1. ಹತ್ತು ಎಂದರೆ 2×5, ಎರಡು ತುಂಡು, +1. ಹನ್ನೆರಡು ಎಂದರೆ 2×2×3, ಮೂರು ತುಂಡು, −1. ಹೀಗೆ ಒಂದರಿಂದ ಶುರು ಮಾಡಿ ಕೂಡಿಸುತ್ತಾ ಹೋಗಿ. ನಾಣ್ಯ ಹತ್ತು ಸಾವಿರ ಸಲ ಹಾರಿಸಿದರೆ ತಲೆ ಮತ್ತು ಬಾಲಗಳ ವ್ಯತ್ಯಾಸ ಸಾಮಾನ್ಯವಾಗಿ ನೂರರ ಆಸುಪಾಸಿನಲ್ಲಿರುತ್ತದೆ, ಅಂದರೆ ವರ್ಗಮೂಲದಷ್ಟು. ಲಿಯುವಿಲ್ ಮೊತ್ತವೂ ಹೆಚ್ಚುಕಡಿಮೆ ಅಷ್ಟೇ ಮಿತಿಯಲ್ಲಿ ಬೆಳೆಯುತ್ತದೆ ಎಂದು ಸಾಧಿಸಿದರೆ ರೀಮನ್ ಮಾತು ನಿಜವಾದಂತೆ. ಇದು ಗಣಿತಜ್ಞರಿಗೆ ಬಹಳ ಹಿಂದಿನಿಂದಲೇ ಗೊತ್ತಿದ್ದ ಸಂಗತಿ. ಈಶ್ವರನ್ ಅವರ ವಾದ, ಈ ಸರಣಿ ನಾಣ್ಯ ಹಾರಿಸಿದಂತೆಯೇ ನಡೆದುಕೊಳ್ಳುತ್ತದೆ ಎಂಬುದು.

‘ಹಾಗೆ ಕಾಣುತ್ತದೆ’ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ‘ಹಾಗೆಯೇ ಇರಲೇಬೇಕು’ ಎಂಬುದು ಬೇಕಾದದ್ದು. ನಿಜವಾದ ನಾಣ್ಯಕ್ಕೆ ಹಿಂದಿನ ಸಲ ಏನು ಬಿತ್ತು ಎಂಬ ನೆನಪಿರುವುದಿಲ್ಲ. ಇಲ್ಲಿ ಹಾಗಲ್ಲ. 2 ಮತ್ತು 3ರ ನಾಣ್ಯ ಬಿದ್ದ ಮೇಲೆ 6ರ ನಾಣ್ಯವನ್ನು ಹಾರಿಸುವ ಹಾಗೇ ಇಲ್ಲ, ಅದು ಆಗಲೇ ತೀರ್ಮಾನವಾಗಿರುತ್ತದೆ. ಪ್ರತಿ ಸಂಖ್ಯೆಯ ಚಿಹ್ನೆಯೂ ಮೊದಲೇ ನಿಗದಿಯಾಗಿರುವ ಸರಣಿಯನ್ನು ನಾಣ್ಯಕ್ಕೆ ಹೋಲಿಸಬಹುದು, ನಾಣ್ಯವೆಂದು ಮಾಡಲಾಗದು. ಇದೇ ಮೊತ್ತದ ಬಗ್ಗೆ 1919ರಲ್ಲಿ ಪೋಯಾ ಎಂಬ ಗಣಿತಜ್ಞ ಒಂದು ಊಹೆ ಮಾಡಿದ್ದ: ಎರಡರಿಂದ ಮುಂದೆ ಈ ಮೊತ್ತ ಯಾವತ್ತೂ ಸೊನ್ನೆಗಿಂತ ಮೇಲೆ ಏರುವುದಿಲ್ಲ. ನೂರು, ಸಾವಿರ, ಲಕ್ಷ, ಕೋಟಿ, ಎಲ್ಲೂ ತಪ್ಪಲಿಲ್ಲ. 1958ರಲ್ಲಿ ಹೇಸಲ್‌ಗ್ರೋವ್ ಇದು ಸುಳ್ಳು ಎಂದು ತೋರಿಸಿದ. ಮೊದಲ ಸಲ ತಪ್ಪುವುದು 90,61,50,257ರಲ್ಲಿ ಎಂದು 1980ರಲ್ಲಿ ಗೊತ್ತಾಯಿತು. ತೊಂಬತ್ತು ಕೋಟಿ ಸಲ ಸರಿಯಾಗಿ ನಡೆದು ಆಮೇಲೆ ಕೈಕೊಟ್ಟ ಊಹೆ ಅದು, ಅದೂ ಇದೇ ಫಲನದ ಮೇಲೆ. ಆದ್ದರಿಂದ ಈ ಸರಣಿಯ ಬಗ್ಗೆ ಯಾರೇ ಏನೇ ಹೇಳಿದರೂ, ‘ಹೋಲಿಕೆ ಎಲ್ಲಿ ಮುಗಿಯಿತು, ಸಾಧನೆ ಎಲ್ಲಿ ಶುರುವಾಯಿತು?’ ಎಂದು ಕೇಳುವುದು ಅಸೂಯೆಯಲ್ಲ, ಅನುಭವ.

ಈ ಪಾಠ ನಮ್ಮ ಕೆಲಸದಲ್ಲೂ ಇದೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಗ್ರಾಹಕರ ಸಂಖ್ಯೆಯ ಕೊನೆಯ ಅಂಕಿ ನೋಡಿ ಹತ್ತು ಸರ್ವರ್‌ಗಳಿಗೆ ಕೆಲಸ ಹಂಚುವ ವಿನ್ಯಾಸ ಬಂತು. ಕೊನೆಯ ಅಂಕಿ ರ‍್ಯಾಂಡಮ್ ಆಗಿರುತ್ತದೆ, ಹೊರೆ ಸಮವಾಗಿ ಹಂಚಿಕೆಯಾಗುತ್ತದೆ ಎಂಬುದು ಆಧಾರ. ಟೆಸ್ಟಿಂಗಿಗೆ ರ‍್ಯಾಂಡಮ್ ಸಂಖ್ಯೆಗಳನ್ನೇ ತಯಾರಿಸಿ ಹಾಕಿದರು, ಸಹಜವಾಗಿಯೇ ಎಲ್ಲ ಪಾಸ್. ರಿವ್ಯೂ ಮಾಡಿದವರು ಅದೇ ತಂಡದ ಸ್ನೇಹಿತರು, ಒಬ್ಬರ ಹಿಂದೊಬ್ಬರು ಅಪ್ರೂವ್ ಒತ್ತಿದರು. ಪ್ರೊಡಕ್ಷನ್ನಿಗೆ ಹೋದ ಮೇಲೆ ಗೊತ್ತಾಯಿತು, ಒಂದು ಪ್ರದೇಶದ ಕಚೇರಿಗಳು ಗ್ರಾಹಕರಿಗೆ ಸೊನ್ನೆಯಲ್ಲೋ ಐದರಲ್ಲೋ ಕೊನೆಯಾಗುವ ಸಂಖ್ಯೆಗಳನ್ನೇ ಕೊಡುತ್ತಿದ್ದವು. ಎರಡು ಸರ್ವರ್ ಮಲಗಿದವು, ಎಂಟು ಸರ್ವರ್ ಖಾಲಿ ಕೂತವು. ಎಲ್ಲರ ಸಹಿಯೂ ದಾಖಲೆಯಲ್ಲಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಯಾರೋ ಕೋಡ್ ರಿವ್ಯೂ ನೋಡಿಯೇ ಕಟ್ಟಿರಬೇಕು.

ಸಮಿತಿಯ ಸಹಿಗೂ ಪರಿಶೀಲನೆಗೂ ವ್ಯತ್ಯಾಸ ಇದೇ. ಒಪ್ಪಿಗೆ ಕೊಡಲು ಕರೆದವರು ಎಷ್ಟು ಜನ ಒಪ್ಪಿದರು ಎಂಬುದು ಲೆಕ್ಕಕ್ಕಿಲ್ಲ. ತಪ್ಪು ಹುಡುಕಿಯೇ ತೀರುತ್ತೇನೆ ಎಂದು ಹೊರಟವನಿಗೆ ಏನು ಸಿಕ್ಕಿತು ಎಂಬುದು ಲೆಕ್ಕ. ಸಾವಿರ ಪತ್ರ ಕಳಿಸಿ, ಬಾರದ ಉತ್ತರಗಳನ್ನು ಒಪ್ಪಿಗೆಯ ಕಡೆ ಎಣಿಸುವ ಕ್ರಮ ಗಣಿತದಲ್ಲಿಲ್ಲ. ಮೌನ ಸಮ್ಮತಿ ಲಕ್ಷಣ ಎಂಬುದು ಸಂಬಂಧ ಕುದುರಿಸುವಾಗಿನ ಮಾತು.

ಇಷ್ಟು ಹೇಳಿದರೆ ಮೂರು ಉತ್ತರ ಸಿಗುತ್ತವೆ. ಮೂರನ್ನೂ ನಾನು ಕಾಚಿಗುಡದ ಕನ್ನಡ ಕೂಟದಿಂದ ಹಿಡಿದು ಗಚ್ಚಿಬೌಲಿಯ ಕ್ಯಾಂಟೀನಿನವರೆಗೆ ಕೇಳಿದ್ದೇನೆ.

ಮೊದಲನೆಯದು: ನಮ್ಮವರು ಅಂದರೆ ವಿದೇಶಿಯರಿಗೆ ತಾತ್ಸಾರ. ಹಾಗಿದ್ದರೆ 2002ರ ಆಗಸ್ಟ್ ನೆನಪಿಸಿಕೊಳ್ಳಿ. ಕಾನ್ಪುರ ಐಐಟಿಯ ಮಣೀಂದ್ರ ಅಗರ್‌ವಾಲ್, ಆಗತಾನೇ ಬಿಟೆಕ್ ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ, ಒಂದು ಸಂಖ್ಯೆ ಅವಿಭಾಜ್ಯವೇ ಎಂದು ವೇಗವಾಗಿ, ಖಚಿತವಾಗಿ ಹೇಳುವ ವಿಧಾನವನ್ನು ಬರೆದು ಕಳಿಸಿದರು. ದಶಕಗಳಿಂದ ಜಗತ್ತು ಹುಡುಕುತ್ತಿದ್ದ ವಿಧಾನ ಅದು. ಕೆಲವೇ ದಿನಗಳಲ್ಲಿ ಜಗತ್ತಿನ ತಜ್ಞರು ಓದಿ ಸರಿ ಎಂದರು, ಕೆಲವರು ಇನ್ನಷ್ಟು ಸರಳ ಮಾಡಿಕೊಟ್ಟರು. 2004ರಲ್ಲಿ ಅನ್ನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ಅಚ್ಚಾಯಿತು. ಹೆಸರಿಲ್ಲದವರಿಗೆ ಜಾಗವಿಲ್ಲ ಎನ್ನುವವರು ಯಿಟಾಂಗ್ ಝಾಂಗ್ ಕಥೆ ಓದಲಿ. ಒಂದು ಕಾಲಕ್ಕೆ ಸಬ್‌ವೇ ಅಂಗಡಿಯಲ್ಲಿ ದುಡಿದವರು, ಐವತ್ತು ದಾಟಿದ ಮೇಲೂ ಸಾಮಾನ್ಯ ಲೆಕ್ಚರರ್ ಆಗಿದ್ದವರು. 2013ರಲ್ಲಿ, ಏಳು ಕೋಟಿಗಿಂತ ಕಡಿಮೆ ಅಂತರದ ಅವಿಭಾಜ್ಯ ಜೋಡಿಗಳು ಅನಂತವಾಗಿವೆ ಎಂದು ಸಾಧಿಸಿ ಅದೇ ಅನ್ನಲ್ಸ್‌ಗೆ ಕಳಿಸಿದರು, ಸುಮಾರು ಮೂರು ವಾರದಲ್ಲಿ ಒಪ್ಪಿಗೆ ಬಂತು. ಇನ್ನೊಂದು ಕಡೆ ಸರ್ ಮೈಕೆಲ್ ಅಟಿಯಾ: ಫೀಲ್ಡ್ಸ್ ಪದಕ, ಅಬೆಲ್ ಪ್ರಶಸ್ತಿ ಎರಡೂ ಇದ್ದವರು. 2018ರಲ್ಲಿ, ತಮ್ಮ 89ನೇ ವಯಸ್ಸಿನಲ್ಲಿ, ಹೈಡಲ್‌ಬರ್ಗ್‌ನಲ್ಲಿ ನಿಂತು ರೀಮನ್ ಹೈಪಾಥಿಸಿಸ್ ಸಾಧಿಸಿದ್ದೇನೆ ಎಂದರು. ಗಣಿತಲೋಕ ಗೌರವದಿಂದ ಕೇಳಿತು, ಒಪ್ಪಲಿಲ್ಲ. ಪದಕ ಇದ್ದವರಿಗೆ ರಿಯಾಯಿತಿ ಇಲ್ಲ, ಇಲ್ಲದವರಿಗೆ ದಂಡವೂ ಇಲ್ಲ. ನಮ್ಮ ದೇಶದಲ್ಲಿ ಇಷ್ಟು ಸಮಾನತೆ ಇರುವ ಕಚೇರಿ ಒಂದಿದ್ದರೆ ತೋರಿಸಿ.

ಎರಡನೆಯದು: ಜರ್ನಲ್‌ಗಳೆಲ್ಲ ರಾಜಕೀಯ. ಇರಬಹುದು. ಪೆರೆಲ್ಮನ್ 2002–03ರಲ್ಲಿ ಪ್ವಾಂಕರೆ ಊಹೆಯ ಪ್ರೂಫನ್ನು ಯಾವ ಜರ್ನಲ್ಲಿಗೂ ಕಳಿಸದೆ ಇಂಟರ್ನೆಟ್ಟಿನಲ್ಲಿ ಹಾಕಿದರು. ಬೇರೆ ಬೇರೆ ತಂಡಗಳು ವರ್ಷಗಟ್ಟಲೆ ಕೂತು ಸಾಲು ಸಾಲು ಬಿಡಿಸಿದವು, ಸರಿ ಎಂದವು. ಅವರು ಬಹುಮಾನವನ್ನೂ ಬೇಡ ಎಂದರು. ಜರ್ನಲ್ಲಿನ ಬಾಗಿಲು ಮುಚ್ಚಿದ್ದರೂ ಪ್ರೂಫ್ ನಿಲ್ಲುವುದಿಲ್ಲ, ಅದು ಪ್ರೂಫ್ ಆಗಿದ್ದರೆ.

ಮೂರನೆಯದು ಎಲ್ಲಕ್ಕಿಂತ ಜನಪ್ರಿಯ: ರಾಮಾನುಜನ್ ಅವರನ್ನೂ ಮೊದಲು ಯಾರೂ ನಂಬಿರಲಿಲ್ಲ. ರಾಮಾನುಜನ್ ಹೆಸರು ಹೇಳುವವರು ಅವರ ಕಥೆಯನ್ನು ಪೂರ್ತಿ ಓದಿರುವುದಿಲ್ಲ. 1913ರ ಜನವರಿಯಲ್ಲಿ ಅವರು ಹಾರ್ಡಿಗೆ ಬರೆದ ಪತ್ರದಲ್ಲಿ ಅವಿಭಾಜ್ಯಗಳ ಎಣಿಕೆಗೆ ಬಹುತೇಕ ತಪ್ಪೇ ಇಲ್ಲದ ಸೂತ್ರ ಸಿಕ್ಕಿದೆ ಎಂದಿದ್ದರು. ಹಾರ್ಡಿ ಪ್ರೂಫ್ ಕೇಳಿದರು. ಬೇರೆ ಎಷ್ಟೋ ಫಲಿತಾಂಶಗಳು ಬೆರಗು ಹುಟ್ಟಿಸಿದವು, ಆದರೆ ಅವಿಭಾಜ್ಯಗಳ ಭಾಗ ನಿಲ್ಲಲಿಲ್ಲ. ಝೀಟಾ ಫಲನಕ್ಕೆ ಆ ಕಷ್ಟದ ಸೊನ್ನೆಗಳೇ ಇಲ್ಲ ಎಂಬಂತೆ ಅವರು ಲೆಕ್ಕ ಮಾಡಿದ್ದರು. ಅಂದರೆ ರಾಮಾನುಜನ್ ಎಡವಿದ್ದು ರೀಮನ್ ಪ್ರಶ್ನೆ ಇಟ್ಟ ಜಾಗದಲ್ಲೇ. ಹಾರ್ಡಿ ಅದನ್ನು ಮುಚ್ಚಿಡಲಿಲ್ಲ, ರಾಮಾನುಜನ್ ಕೇಂಬ್ರಿಡ್ಜಿಗೆ ಹೋಗಿ ಕಲಿತರು, ಅವರ ಹೆಸರಿಗೆ ಇದರಿಂದ ಒಂದು ಕೂದಲೂ ಕೊಂಕಲಿಲ್ಲ. ನಂಬದೆ ಇರುವುದು ಬೇರೆ, ಪ್ರೂಫ್ ಕೇಳುವುದು ಬೇರೆ. ನಾವು ರಾಮಾನುಜನ್ ಅವರಿಂದ ಸೂಟು ಮತ್ತು ನಾಮಗಿರಿ ದೇವಿಯ ಕನಸನ್ನಷ್ಟೇ ತೆಗೆದುಕೊಂಡೆವು, ಪ್ರೂಫ್ ಕೇಳಿದ ಹಾರ್ಡಿಯನ್ನು ಬಿಟ್ಟೆವು.

ಹಾಗಾದರೆ ಹೆಮ್ಮೆ ಪಡುವುದೇ ತಪ್ಪೇ? ಇಲ್ಲ. ಕನ್ನಡಿಗರಾದ ನಮಗೆ ಹೆಮ್ಮೆಗೆ ಬೇಕಾದಷ್ಟಿದೆ, ನಾವು ನೋಡುವುದಿಲ್ಲ ಅಷ್ಟೇ. ಕೆ. ರಾಮಚಂದ್ರ ಎಂಬ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? 1933ರಲ್ಲಿ ಮಂಡ್ಯದಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮಿನರ್ವ ಮಿಲ್ಸ್‌ನಲ್ಲಿ ಗುಮಾಸ್ತರಾಗಿದ್ದುಕೊಂಡು ಬಿಡುವಿನಲ್ಲಿ ತಾವೇ ಸಂಖ್ಯಾಶಾಸ್ತ್ರ ಓದಿದರು. ಮುಂದೆ ಮುಂಬೈಯ ಟಾಟಾ ಸಂಸ್ಥೆ ಸೇರಿ, ಝೀಟಾ ಫಲನದ ಮೇಲೆ ಜೀವಮಾನವಿಡೀ ಕೆಲಸ ಮಾಡಿದರು. ಟಿ. ಎನ್. ಶೋರೆ, ಆರ್. ಬಾಲಸುಬ್ರಮಣಿಯನ್ ಅವರಂಥ ಶಿಷ್ಯರನ್ನು ಬೆಳೆಸಿದರು. 1978ರಲ್ಲಿ ಬಾಲಸುಬ್ರಮಣಿಯನ್ ಜೊತೆ ಸೇರಿ ಹಾರ್ಡಿ–ರಾಮಾನುಜನ್ ಜರ್ನಲ್ ಶುರು ಮಾಡಿದರು. 2011ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಗುಮಾಸ್ತಿಕೆ ಮಾಡುತ್ತಾ ಅವಿಭಾಜ್ಯಗಳ ಹಿಂದೆ ಬಿದ್ದ ಮಂಡ್ಯದ ಹುಡುಗ: ರಾಮಾನುಜನ್ ಕಥೆಗೆ ಇದಕ್ಕಿಂತ ಹತ್ತಿರದ ಕಥೆ ನಮ್ಮ ಭಾಷೆಯ ನೆಲದಲ್ಲಿ ಇನ್ನೊಂದಿಲ್ಲ. ರೀಮನ್ ಸಮಸ್ಯೆಯ ಪಕ್ಕದಲ್ಲೇ ದಶಕಗಟ್ಟಲೆ ಕೂತು, ಆ ಫಲನದ ಸರಾಸರಿ ಎಷ್ಟು, ಅದು ಎಷ್ಟು ದೊಡ್ಡದಾಗಬಹುದು ಎಂದು ಒಂದೊಂದೇ ಇಂಚು ಮುಂದೆ ಸರಿಸಿದ ಕೆಲಸ ಅದು. ಆ ಇಂಚುಗಳು ಬ್ರೇಕಿಂಗ್ ನ್ಯೂಸ್ ಆಗುವುದಿಲ್ಲ. 2010ರ ಆಗಸ್ಟಿನಲ್ಲಿ ಗಣಿತಜ್ಞರ ವಿಶ್ವ ಸಮ್ಮೇಳನ ಮೊಟ್ಟಮೊದಲ ಬಾರಿಗೆ ಭಾರತಕ್ಕೆ ಬಂದಿದ್ದು ಇದೇ ಹೈದರಾಬಾದಿನ ಎಚ್‌ಐಸಿಸಿಗೆ. ಆ ವರ್ಷದ ನಾಲ್ಕೂ ಫೀಲ್ಡ್ಸ್ ಪದಕಗಳನ್ನು ಅಲ್ಲೇ ಕೊಟ್ಟರು. ಐಟಿ ಕಂಪನಿಗಳಿಂದ ಕೂಗಳತೆಯ ಜಾಗ. ನಮ್ಮ ಊರಿಗೆ ಜಗತ್ತಿನ ಗಣಿತವೇ ನಡೆದು ಬಂದಿದ್ದನ್ನು ಮರೆತವರು ಒಂದು ಸಮಿತಿಯ ಪತ್ರವನ್ನು ಮಾತ್ರ ಉಳಿಸಿಕೊಂಡೆವು.

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟ ಮಕ್ಕಳಿಗೆ. ಒಂಬತ್ತನೇ ತರಗತಿಯ ನನ್ನ ಮಗಳು ಈ ಸುದ್ದಿಯ ವೀಡಿಯೋ ನೋಡಿ, “ಎಂಟು ಜನ ದೊಡ್ಡವರು ಸರಿ ಅಂದ್ರಲ್ಲಪ್ಪಾ, ಮತ್ತಿನ್ನೇನು?” ಎಂದಳು. ಅವಳ ಕೋಚಿಂಗಿನಲ್ಲಿ ಸೂತ್ರ ಇದೆ, ಶಾರ್ಟ್‌ಕಟ್ ಇದೆ, ‘ಪ್ರೂಫ್ ಪರೀಕ್ಷೆಗೆ ಬರಲ್ಲ’ ಎಂಬ ಸೂಚನೆಯೂ ಇದೆ. ನಾನು ಅವಳಿಗೆ ಯೂಕ್ಲಿಡ್ ಪ್ರೂಫ್ ಬರೆದು ತೋರಿಸಿದೆ. ಅವಿಭಾಜ್ಯಗಳು ಇಷ್ಟೇ ಎಂದು ಯಾರಾದರೂ ಪಟ್ಟಿ ಕೊಟ್ಟರೆ, ಪಟ್ಟಿಯಲ್ಲಿರುವುದನ್ನೆಲ್ಲ ಗುಣಿಸಿ ಒಂದು ಕೂಡಿಸು. ಬಂದ ಸಂಖ್ಯೆಯನ್ನು ಪಟ್ಟಿಯ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಹಾಗಾಗಿ ಅದನ್ನು ಭಾಗಿಸುವ ಅವಿಭಾಜ್ಯ ಪಟ್ಟಿಯ ಹೊರಗಿದೆ. ಅವಳು 2, 3, 5, 7, 11, 13 ಗುಣಿಸಿ ಒಂದು ಕೂಡಿಸಿ 30,031 ಮಾಡಿ, “ಇದು ಅವಿಭಾಜ್ಯ ಅಲ್ಲ, 59 ಗುಣಿಲೆ 509” ಎಂದು ನನ್ನನ್ನೇ ಹಿಡಿಯಲು ನೋಡಿದಳು. ಸರಿಯೇ, ಆದರೆ 59 ಪಟ್ಟಿಯಲ್ಲಿದೆಯೇ ಎಂದೆ. ಸ್ವಲ್ಪ ಹೊತ್ತು ನೋಡಿ, “ಇಲ್ಲ” ಎಂದಳು. ಎರಡು ಸಾವಿರ ವರ್ಷಕ್ಕೂ ಹಳೆಯ ಪ್ರೂಫನ್ನು ಹದಿನಾಲ್ಕು ವರ್ಷದ ಹುಡುಗಿ ಯಾರ ಸಹಿಯೂ ಇಲ್ಲದೆ ತಾನೇ ಪರೀಕ್ಷಿಸಿದಳು, ತಾನೇ ಒಪ್ಪಿದಳು. ಜಾತಿ, ವಯಸ್ಸು, ಹುದ್ದೆ, ದೇಶ ಯಾವುದನ್ನೂ ಕೇಳದ ಒಪ್ಪಿಗೆ ಅದು. ಸಮಿತಿಯನ್ನು ಆ ಜಾಗದಲ್ಲಿ ಕೂರಿಸಿದಾಗ ಮಕ್ಕಳಿಂದ ನಾವು ಕಿತ್ತುಕೊಳ್ಳುವುದು ಈ ಅಧಿಕಾರವನ್ನು.

ಹಾಗಾಗಿ ನನ್ನ ಬೇಡಿಕೆಗಳು ಇಷ್ಟೇ. ಸುದ್ದಿಮನೆಯವರು ಇಂಥ ಸುದ್ದಿ ಬಂದಾಗ ಅದೇ ವಿಷಯದಲ್ಲಿ ಕೆಲಸ ಮಾಡುವ, ಬರೆದವರಿಗೆ ಸಂಬಂಧವಿಲ್ಲದ ಒಬ್ಬ ಗಣಿತಜ್ಞರಿಗೆ ಫೋನ್ ಮಾಡಲಿ. ಟಾಟಾ ಸಂಸ್ಥೆ, ಐಐಎಸ್‌ಸಿ, ಚೆನ್ನೈ ಗಣಿತ ಸಂಸ್ಥೆಗಳೆಲ್ಲ ಈ ದೇಶದಲ್ಲೇ ಇವೆ. ಕಾಲೇಜುಗಳು ‘ನಮ್ಮ ಪ್ರಾಧ್ಯಾಪಕರ ಪ್ರೂಫ್’ ಎಂದು ಸಾರುವ ಮುಂಚೆ, ಅದರಲ್ಲಿ ರಂಧ್ರ ಹುಡುಕಿಕೊಟ್ಟವರಿಗೆ ಬಹುಮಾನ ಎಂದು ಸಾರಲಿ. ಆಂಡ್ರೂ ವೈಲ್ಸ್ 1993ರಲ್ಲಿ ಫರ್ಮಾ ಪ್ರಮೇಯದ ಪ್ರೂಫ್ ಪ್ರಕಟಿಸಿದಾಗ ರಂಧ್ರ ಸಿಕ್ಕಿದ್ದು ಪರಿಶೀಲಕರ ಕೈಗೇ, ಅದನ್ನು ರಿಚರ್ಡ್ ಟೇಲರ್ ಜೊತೆ ಸೇರಿ ಮುಚ್ಚಿದ ಮೇಲೆಯೇ ಅದು ಪ್ರಮೇಯವಾಯಿತು. ಆ ರಂಧ್ರ ಕಂಡುಹಿಡಿದವರು ವೈಲ್ಸ್‌ಗೆ ಶತ್ರುವಾಗಲಿಲ್ಲ.

ಇನ್ನು ನಾವು, ಊರು ಬಿಟ್ಟು ಬಂದು ಕನ್ನಡದಲ್ಲಿ ಓದುವ ಬರೆಯುವ ಎಂಜಿನಿಯರುಗಳು. ನಮ್ಮ ಇ-ಪತ್ರಿಕೆಗಳಲ್ಲಿ ಕಥೆ, ಕವಿತೆ, ಊರಿನ ನೆನಪುಗಳಿಗೆ ಕೊರತೆಯಿಲ್ಲ. ಒಂದು ಪ್ರಮೇಯವನ್ನು ದತ್ತದಿಂದ ಸಾಧನೆಯವರೆಗೆ ಕನ್ನಡದಲ್ಲಿ ಬರೆದವರು ಎಷ್ಟು ಜನ? ಮಂಡ್ಯದ ರಾಮಚಂದ್ರ ಏನು ಸಾಧಿಸಿದರು ಎಂದು ಹೈಸ್ಕೂಲು ಹುಡುಗರಿಗೆ ತಿಳಿಯುವಂತೆ ಒಂದು ಲೇಖನ ಬರಲಿ. ಬರೆಯಲು ಗೊತ್ತಿರುವವರು ನಮ್ಮಲ್ಲೇ ಇದ್ದೀರಿ, ನಿಮ್ಮ ಡಿಗ್ರಿಗಳು ನನಗಿಂತ ದೊಡ್ಡವು. ಬರೆಯಿರಿ. ಅದರಲ್ಲಿ ತಪ್ಪು ಕಂಡರೆ ನಾನು ಖಂಡಿತ ತೋರಿಸುತ್ತೇನೆ, ಅದನ್ನು ಗೌರವ ಎಂದು ತಿಳಿಯಿರಿ.